ಮಾದೇವಿಯ ಎಲುಬಿನ ಸರ್ಕಾರಿ ಸಂರಕ್ಷಣೆ

ಕ್ಯಾನ್ಸರ್ ಎಲುಬಿಗೆ ಹರಡದಂತೆ ತಡೆಯುವ ಪ್ರತಿಕಾಯದ ಚುಚ್ಚುಮದ್ದನ್ನು, ಕ್ಯಾನ್ಸರ್ ಎಲುಬಿಗೆ ಹರಡಿದೆಯೆಂದು ರುಜುವಾತಾದವರಿಗೆ ಮಾತ್ರ ನೀಡತಕ್ಕದ್ದು ಎಂಬುದು ಜಮಖಂಡಿಯ ಅಸ್ಥಿ ಸಂರಕ್ಷಣಾ ಕಚೇರಿಯ ನಿಯಮವಾಗಿತ್ತು.

ಬನಹಟ್ಟಿಯಲ್ಲಿ ಸೀರೆ ನೇಯುವ ಮಾದೇವಿಗೆ ಎದೆಯ ಕ್ಯಾನ್ಸರ್ ಗಂಟು ತೆಗೆದ ಡಾಕ್ಟರು ಈ ಹೊಸ ಮದ್ದಿನ ಸುದ್ದಿ ಹೇಳಿದ್ದರು. "ಎಲುವಿನ ಬಾಗಲಕ್ಕ ಕಾವಲು ಕುಂದ್ರಿಸಿದಂಗ, ತಂಗಿ. ರೋಗ ಬರೂಕಿಂತ ಮೊದಲ ಹಾಕಿಸ್ಕೊ."

ಸೊಂಟ ಹೋದರೆ ಮಗ್ಗ ಹೋದಂತೆ. ಅವಳು ಗಂಡ ಕರೆಪ್ಪನನ್ನು ಕರೆದುಕೊಂಡು ಮರುದಿನವೇ ಕಚೇರಿಗೆ ಬಂದಳು.

ಅಧಿಕಾರಿ ಪ್ರಹ್ಲಾದರಾಯರು ಸಭ್ಯರು. ಹಿಂದೆ ಅಣೆಕಟ್ಟಿನಿಂದ ಮುಳುಗಡೆಯಾದ ಹಳ್ಳಿಗಳ ಪರಿಹಾರದ ಕೆಲಸ ನೋಡಿದವರು. ಇಬ್ಬರಿಗೂ ಚಹಾ ತರಿಸಿದರು.

"ಎಲುವಿಗೆ ಬಂದದೇನವಾ?"

"ಇಲ್ರೀ. ಬರಬಾರದಂತ ಬಂದೇನಿ."

"ಹಂಗಾದ್ರ ನೀವು ಬಾಧಿತರಲ್ಲ. ನೀರು ಹೊಸ್ತಿಲಾ ದಾಟದ ಮನೀನ್ನ ಮುಳುಗೇದ ಅಂತ ಹ್ಯಾಂಗ ಬರೀಲಿಕ್ಕಾಗ್ತದ?"

"ಬಂದ ಮ್ಯಾಲ ಬರಬೇಕೇನ್ರಿ?" ಎಂದ ಕರೆಪ್ಪ.

"ಧಾರಾಳ ಬರ್ರಿ. ನಿಮ್ಮ ಪಾಳಿ ಹಿಡದಿಟ್ಟಿರ್ತೀವಿ."

ಬೇಸಿಗೆಯಲ್ಲಿ ಮಾದೇವಿಯ ಸೊಂಟ ಹಿಡಿಯಿತು. ಸ್ಕ್ಯಾನಿನಲ್ಲಿ ರೋಗ ಎಲುಬಿಗೆ ಇಳಿದದ್ದು ಕಂಡಿತು. ಕರೆಪ್ಪ ಅವಳನ್ನು ಟಂಟಂ ಗಾಡಿಯಲ್ಲಿ ಮಲಗಿಸಿ ತಂದು, ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಇಳಿಸಿದ. ಒಳಗೆ ಪ್ರಹ್ಲಾದರಾಯರು ಎದ್ದು ನಿಂತು, ಹೆಂಡತಿ ಅರ್ಹತೆ ಪಡೆದುದಕ್ಕಾಗಿ ಕರೆಪ್ಪನ ಕೈ ಕುಲುಕಿದ್ದು ಅವಳಿಗೆ ಕಂಡಿತು. ಆಮೇಲೆ ಅವರು ನಿಯಮವನ್ನು ಇನ್ನೊಮ್ಮೆ ಓದಿದರು.

"ಇದು ಹರಡದಂಗ ತಡಿಯೂ ಮದ್ದು, ಕರೆಪ್ಪ. ಈಗ ತಡೀಲಿಕ್ಕೆ ಏನ ಉಳದದ?"

"ಅದೂ ಖರೇನ್ರಿ," ಎಂದ ಕರೆಪ್ಪ.

ಹೊರಗೆ ಮಾದೇವಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಆ ವರ್ಷ ಮದ್ದು ಪಡೆದ ಒಬ್ಬರಿಗೂ ರೋಗ ಎಲುಬಿಗೆ ಹರಡಲಿಲ್ಲ. ಮದ್ದನ್ನು ಯಾರೂ ಪಡೆದಿರಲಿಲ್ಲ. ಈ ಕಳಂಕರಹಿತ ಸಾಧನೆಗಾಗಿ ಕಚೇರಿಗೆ ಪ್ರಶಸ್ತಿ ಘೋಷಣೆಯಾಯಿತು. ವೇದಿಕೆಗೆ ಒಬ್ಬ ರೋಗಿ ಬೇಕಿತ್ತು. ಮಾದೇವಿಯನ್ನು ಜೀಪಿನಲ್ಲಿ ಕರೆತಂದು, ಶಾಲು ಹೊದಿಸಿ, ಕುರ್ಚಿ ತೋರಿಸಿದರು. ಸೊಂಟ ಬಗ್ಗಲಿಲ್ಲ. ಭಾಷಣಗಳು ಮುಗಿಯುವತನಕ ಅವಳು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು.

"ನೋಡ್ರಿ," ಎಂದರು ಪ್ರಹ್ಲಾದರಾಯರು ಮೈಕಿನಲ್ಲಿ, "ಎಲ್ಲಾರೂ ಕೂತಾರ. ಈ ತಾಯಿ ನಿಂತಾಳ. ಎಲುವು ಅಂದ್ರ ಇದು."

ಸಭೆ ಚಪ್ಪಾಳೆ ತಟ್ಟಿತು. ಕರೆಪ್ಪನೂ ತಟ್ಟಿದ. ಮಾದೇವಿ ಒಂದೇ ಕೈಯೆತ್ತಿ ನಮಸ್ಕಾರ ಮಾಡಿದಳು. ಇನ್ನೊಂದನ್ನು ಕುರ್ಚಿಯಿಂದ ತೆಗೆಯುವ ಹಾಗಿರಲಿಲ್ಲ.