ಹಲ್ಲು ಕಡಿದು ಹುಳು ಸಾಕಿದ ಕೇಂದ್ರ

೧೯೭೪ನೇ ಇಸವಿ ಜುಲೈ ಹದಿನೈದನೇ ತಾರೀಕು ಸೋಮವಾರ, ತೊಂಡೇಬಾವಿ ಶಾಲೆಯ ಲೆಕ್ಕದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಎರ್ರಪ್ಪ ಮೊದಲ ಸಲ ಎದ್ದು ಹೋದ. ನೀರು ಕುಡಿದು ಬರ್ತೀನಿ ಅಂತ ಹೇಳಿಯೇ ಹೋಗಿದ್ದ. ಸ್ಟೇಷನ್ನಿನ ನಲ್ಲಿಯಲ್ಲಿ ನೀರು ಕುಡಿದದ್ದೂ ನಿಜ. ಅಷ್ಟರಲ್ಲಿ ರೈಲು ಬಂತು.

ಆಮೇಲೆ ಅವನು ಎಲ್ಲೂ ಒಂದು ಮಳೆಗಾಲಕ್ಕಿಂತ ಹೆಚ್ಚು ನಿಂತವನಲ್ಲ. ಗೌರಿಬಿದನೂರಲ್ಲಿ ಲಾರಿ ತೊಳೆದ, ಚಿಂತಾಮಣಿಯಲ್ಲಿ ಟೊಮೇಟೊ ಪೆಟ್ಟಿಗೆಗೆ ಮೊಳೆ ಹೊಡೆದ. ಯಾರೂ ಅವನನ್ನು ಹುಡುಕಿಕೊಂಡು ಬರಲಿಲ್ಲವಾದ್ದರಿಂದ ಚಿಂತೆ ಅನ್ನುವುದು ಏನೆಂದು ಅವನಿಗೆ ಗೊತ್ತಾಗಲಿಲ್ಲ. ಬಾಯಲ್ಲಿ ಹಲ್ಲುಗಳು ಅಂಗಡಿಯಿಂದ ಈಗ ತಂದ ಹಾಗಿದ್ದವು.

ಎಂಬತ್ತೊಂಬತ್ತರಲ್ಲಿ ಶಿಡ್ಲಘಟ್ಟದ ಹತ್ತಿರದ ಮಾದರಿ ರೇಷ್ಮೆ ಹುಳು ಸಾಕಣೆ ಕೇಂದ್ರಕ್ಕೆ ದಿನಗೂಲಿಗೆ ಸೇರಿದ. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಕೆಲಸ. ಸೊಪ್ಪಿನ ಹೊರೆ ತರುತ್ತಿದ್ದವಳು ಆಂಜಿನಮ್ಮ. ಹೊರೆ ಇಳಿಸಿಕೊಳ್ಳುತ್ತ ಇಳಿಸಿಕೊಳ್ಳುತ್ತ ಎರ್ರಪ್ಪ ಒಂದು ದಿನ ಮದುವೆಯ ಮಾತೆತ್ತಿದ.

"ಕಾಯಂ ಆಗಿದೀಯೇನಯ್ಯಾ?"

"ಇಲ್ಲ."

"ಆಗು, ಆಮೇಲೆ ಮಾತಾಡಣ. ಬಸ್ ಸ್ಟ್ಯಾಂಡಲ್ಲಿ ಸಂಸಾರ ಮಾಡೋಳಲ್ಲ ನಾನು."

ಎರ್ರಪ್ಪನಿಗೆ ಹುಟ್ಟಿದಾಗಿನಿಂದ ಮೊದಲ ಸಲ ಏನೋ ಒಂದು ಬೇಕು ಅನ್ನಿಸಿತು.

ಅದೇ ತಿಂಗಳು ಕೇಂದ್ರದ ಹುಳುಗಳೆಲ್ಲ ಹಾಲುರೋಗ ಬಂದು ಸತ್ತವು. ಮಾರನೇ ದಿನವೇ ಉಪನಿರ್ದೇಶಕರ ಜೀಪು ಬಂತು. ಸೂಪರಿಂಟೆಂಡೆಂಟ್ ಪುಟ್ಟಸ್ವಾಮಯ್ಯನವರೂ ಗುಮಾಸ್ತೆ ವಿಶಾಲಾಕ್ಷಮ್ಮನವರೂ ಹುಳುಮನೆಗೆ ನುಗ್ಗಿ, ಬಾಗಿಲು ಹಾಕಿಕೊಂಡು, ಹುಳು ಮೇಯಿಸುವ ಖಾಲಿ ತಟ್ಟೆಗಳ ಅಟ್ಟಣೆ ಕೆಳಗೆ ಕೂತರು. ಭಯಕ್ಕೆ ಇಬ್ಬರ ಹಲ್ಲೂ ಕರಕರ ಮಸೆಯತೊಡಗಿದವು.

ಹುಳುಮನೆಗೆ ಹೊರಗಿನವರು ಕಾಲಿಟ್ಟರೆ ರೋಗ ತಗಲುತ್ತದೆ. ಹಾಗೆಂದು ಬಾಗಿಲ ಮೇಲೆ ಬೋರ್ಡಿತ್ತು, ಅದಕ್ಕೆ ಉಪನಿರ್ದೇಶಕರದೇ ರುಜು ಇತ್ತು. ತಮ್ಮ ರುಜುವಿಗೆ ಗೌರವ ಕೊಟ್ಟು ಅವರು ಹೊರಗೇ ನಿಂತು ಬಾಗಿಲಿಗೆ ಕಿವಿಯಿಟ್ಟರು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಹುಳುಗಳು ಸೊಪ್ಪು ಮೇಯುವಾಗ ಒಣಗಿದೆಲೆಯ ಮೇಲೆ ತುಂತುರು ಬಿದ್ದ ಹಾಗೆ ಸದ್ದಾಗುತ್ತದೆ. ಒಳಗಿನಿಂದ ಅಂಥದೇ ಸದ್ದು ಬರುತ್ತಿತ್ತು.

"ಭೇಷ್! ಎಂಥ ಮೇವು ಕಣಯ್ಯಾ! ಬರೋ ಬೆಳೆಗೆ ಗುರಿ ಎರಡರಷ್ಟು ಮಾಡಿ," ಎಂದು ಅಪ್ಪಣೆ ಕೊಟ್ಟು ಹೋದರು.

ಗುರಿ ಹೆಚ್ಚಿದ್ದರಿಂದ ಚಿಂತೆ ಹೆಚ್ಚಿತು. ಚಿಂತೆ ಹೆಚ್ಚಿದ್ದರಿಂದ ಸದ್ದು ಹೆಚ್ಚಿತು. ಸದ್ದು ಹೆಚ್ಚಿದ್ದರಿಂದ ಗುರಿ ಮತ್ತೆ ಹೆಚ್ಚಿತು. ಇಲಾಖೆ ಸುತ್ತೋಲೆ ಹೊರಡಿಸಿತು: "ಇನ್ನು ಮುಂದೆ ಇಳುವರಿಯನ್ನು ಮೇವಿನ ಸದ್ದಿನಿಂದಲೇ ಅಂದಾಜಿಸತಕ್ಕದ್ದು. ಗೂಡುಗಳನ್ನು ತೂಗುವ ಹಳೆಯ ಪದ್ಧತಿಯಿಂದ ಕಾಲಹರಣವಾಗುವುದು ಗಮನಕ್ಕೆ ಬಂದಿರುತ್ತದೆ." ಹುಳು ಸಾಕುವ ತೊಂದರೆ ತಪ್ಪಿತು. ಸೊಪ್ಪು ಮಾತ್ರ ನಿಯಮದಂತೆ ದಿನಾ ಬರುತ್ತಿತ್ತು, ಸಂಜೆ ವಿಶಾಲಾಕ್ಷಮ್ಮನವರ ಹಸು ತಿನ್ನುತ್ತಿತ್ತು.

ಆ ಚಳಿಗಾಲ ಚಿಕ್ಕಬಳ್ಳಾಪುರದಿಂದ ಹಲ್ಲಿನ ಡಾಕ್ಟರು ತಪಾಸಣೆಗೆ ಬಂದು ಎಲ್ಲರ ಬಾಯಿಗೂ ಟಾರ್ಚು ಬಿಟ್ಟರು.

"ಚಿಂತೆ ಮಾಡೋರು ಗೊತ್ತಿಲ್ಲದೇನೇ ದವಡೆ ಬಿಗಿ ಹಿಡೀತಾರೆ ಸ್ವಾಮಿ. ಹಲ್ಲು ಸವೆಯುತ್ತೆ, ಬಿರುಕು ಬಿಡುತ್ತೆ, ತಲೆನೋವು ಬರುತ್ತೆ. ಚಿಂತೆ ಬಿಡಿ."

"ಬಿಟ್ರೆ ಹುಳ ಸಾಯ್ತವೆ ಸಾರ್," ಎಂದರು ಪುಟ್ಟಸ್ವಾಮಯ್ಯ.

"ಹುಳ ಎಲ್ಲಿವೆ?"

"ಹೊರಗಿನೋರಿಗೆ ತೋರಿಸೋ ಹಾಗಿಲ್ಲ."

ಡಾಕ್ಟರು ಎರ್ರಪ್ಪನ ಬಾಯಿ ನೋಡಿ, "ಇದು ಬಾಯಿ ಅಂದ್ರೆ!" ಎಂದು ಮೆಚ್ಚಿದರು. ಅದರ ಮೇಲೆ ಅವನಿಗೆ ಮೆಮೊ ಬಂತು: "ನಿಮ್ಮ ಹಲ್ಲುಗಳು ಒಂದೂ ಸವೆಯದೆ ಇರುವುದರಿಂದ ಕರ್ತವ್ಯದಲ್ಲಿ ನಿಮಗೆ ಶ್ರದ್ಧೆಯಿಲ್ಲವೆಂದು ವೈದ್ಯಕೀಯವಾಗಿ ಸಾಬೀತಾಗಿರುತ್ತದೆ. ಈ ತಿಂಗಳೊಳಗೆ ಸುಧಾರಿಸದಿದ್ದಲ್ಲಿ ಕೆಲಸದಿಂದ ತೆಗೆಯಲಾಗುವುದು."

ಕೆಲಸ ಹೋದರೆ ಆಂಜಿನಮ್ಮನೂ ಹೋದಂತೆ. ಎರ್ರಪ್ಪ ಹಲ್ಲಿಗೆ ಹಲ್ಲು ಒತ್ತಿ ನೋಡಿದ. ಆಕಳಿಕೆ ಬಂತು.

ವಿಶಾಲಾಕ್ಷಮ್ಮನವರಿಗೆ ಕನಿಕರ ಬಂತು. "ನನ್ನ ತಮ್ಮನ ಕೋರ್ಟ್ ಕೇಸು ತಗೋಳಪ್ಪ, ಸ್ವಲ್ಪ ದಿನ ಇಟ್ಕೋ. ಒಳ್ಳೇ ಚಿಂತೆ. ದವಡೆ ಹಲ್ಲು ನನಗೆ ಅದರಲ್ಲೇ ಹೋಗಿದ್ದು."

ಎರ್ರಪ್ಪ ಹೊಂಗೆ ಮರದ ಕೆಳಗೆ ಕೂತು ಕೇಸಿನ ಬಗ್ಗೆ ಶ್ರದ್ಧೆಯಿಂದ ಯೋಚಿಸಿದ. ವಾದಿ ಯಾರು ಪ್ರತಿವಾದಿ ಯಾರು ಅಂತ ತಿಳಿಯುವ ಮೊದಲೇ ನಿದ್ದೆ ಹೋದ.

ಕಡೆಗೆ ಪುಟ್ಟಸ್ವಾಮಯ್ಯನವರೇ ಎಬ್ಬಿಸಿ ಬುದ್ಧಿ ಹೇಳಿದರು. "ಅಲ್ಲಯ್ಯಾ, ಕಾಯಂ ಅಂದ್ರೆ ಏನಂತ ಗೊತ್ತಾ ನಿನಗೆ? ರಿಟೈರ್ ಆಗೋವರೆಗೂ ಇದೇ ಬಾಗಿಲು. ಇದೇ ಸ್ಟೂಲು. ನಾಳೆ ಇಲ್ಲಿ, ನಾಡಿದ್ದು ಇಲ್ಲಿ, ಮುಂದಿನ ವರ್ಷಾನೂ ಇಲ್ಲೇ..."

ಎರ್ರಪ್ಪನ ದವಡೆ ಕರ್ರ್ ಎಂದಿತು.

ಪುಟ್ಟಸ್ವಾಮಯ್ಯನವರ ಕಣ್ಣಲ್ಲಿ ನೀರಾಡಿತು. "ವಿಶಾಲಾಕ್ಷಮ್ಮಾ, ಕೇಳಿದ್ರಾ? ಫಸ್ಟ್ ಕ್ಲಾಸ್ ಬೆಳೆ!"

ಎರ್ರಪ್ಪನ ಸದ್ದು ರಸ್ತೆಗೆ ಕೇಳತೊಡಗಿತು. ಉಪನಿರ್ದೇಶಕರು ಜೀಪಿನಿಂದ ಇಳಿಯದೇ ತೃಪ್ತಿಪಟ್ಟರು. ಕಾಯಂ ಆದೇಶ ಬರುವ ಹೊತ್ತಿಗೆ ಅವನ ಒಂದು ದವಡೆ ಹಲ್ಲು ಸೀಳಿತ್ತು, ಹುರಿಗಡಲೆ ಅಗಿಯಲಾಗುತ್ತಿರಲಿಲ್ಲ. ಆದೇಶವನ್ನು ಕೈಯಲ್ಲಿ ಹಿಡಿದು ಹುಳುಮನೆಯ ಬಾಗಿಲಲ್ಲೇ ಆಂಜಿನಮ್ಮನಿಗೆ ಹೇಳಿದ:

"ನಾನು ಹೊರಡ್ತೀನಿ."

"ಕಾಯಂ ಆಯ್ತಲ್ಲೋ!"

"ಅದಕ್ಕೇ. ನೀನೂ ಬಂದ್ಬಿಡು."

"ಇಷ್ಟು ದಿನ ಕಾಯಿಸಿ, ಈಗ..." ಆಂಜಿನಮ್ಮ ಸಿಟ್ಟಿಗೆ ಹಲ್ಲು ಕಡಿದಳು.

ಒಳಗಿನಿಂದ ಪುಟ್ಟಸ್ವಾಮಯ್ಯ ಓಡಿಬಂದರು. "ಯಾರಮ್ಮಾ ಅದು? ಇನ್ನೊಂದು ಸಲ!"

ಅವಳು ಎರ್ರಪ್ಪನನ್ನೇ ನೋಡುತ್ತಾ ಇನ್ನೊಂದು ಸಲ ಕಡಿದಳು. ಮಾದರಿ ಕೇಂದ್ರ ನೋಡಲು ಮಂಚೇನಹಳ್ಳಿಯಿಂದ ಬಂದಿದ್ದ ರೈತರು "ತಳಿ ಚೆನ್ನಾಗಿದೆ" ಎಂದು ತಲೆದೂಗಿದರು. ಆದೇಶದಲ್ಲಿ ಎರ್ರಪ್ಪನ ಹೆಸರು ಹೊಡೆದು ಆಂಜಿನಮ್ಮನ ಹೆಸರು ಬರೆಯಲಾಯಿತು. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು.

"ಬರಲ್ವಾ?" ಎಂದು ಎರ್ರಪ್ಪ ಮೆಲ್ಲಗೆ ಕೇಳಿದ.

"ಕಾಯಂ ಕೆಲಸ ಬಿಟ್ಟು ಬರೋದಾ? ತಲೆ ಕೆಟ್ಟಿದೆಯೇನೋ ನಿಂಗೆ?" ಎಂದು ಅವಳು ಒಳಗೆ ಹೋಗಿ ತಟ್ಟೆಯ ಕೆಳಗೆ ಕೂತಳು.

ಎರ್ರಪ್ಪ ಮೂಲೆಯಲ್ಲಿದ್ದ ಕಂಬಳಿ ಮಡಚಿದ, ಲೋಟ ಅದರಲ್ಲಿ ಸುತ್ತಿದ, ಹಗ್ಗ ಬಿಗಿದ. ಗಂಟು ಹಾಕುವಷ್ಟರಲ್ಲಿ ಅವನ ದವಡೆ ಸಡಿಲವಾಗಿತ್ತು. ಒಳಗೆ ಮೂವರೂ ಒಂದೇ ಸಮ ಮೇಯುತ್ತಿದ್ದರು.

"ಎರ್ರಪ್ಪಾ," ಆಂಜಿನಮ್ಮನೇ ಕೂಗಿದಳು, "ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು. ಹುಳಕ್ಕೆ ಗಾಳಿ ಆಗಲ್ಲ."