ಕುಟುಂಬ ಸದಸ್ಯರು: ಒಬ್ಬರು

ವಿಮೆ ದವಾಖಾನೆಗೆ ಹೋದವರಿಗೆ ಗುಳಿಗೆ ಸಿಗುತ್ತದೆ, ಸೂಜಿ ಸಿಗುತ್ತದೆ. ನನಗೆ ಮಾತ್ರ ಹೋದಾಗಲೆಲ್ಲ ಒಂದು ಹೊಸ ಫಜೀತಿ ಸಿಗುತ್ತದೆ. ಎಪ್ಪತ್ತರ ದಶಕದ ಕೊನೆ ಅದು. ಆಂಧ್ರದ ಗಡಿಯೂರು ಆದೋನಿಯ ಒಂದು ಹತ್ತಿ ಮಿಲ್ಲಿನಲ್ಲಿ ನಾನು ಗೇಟ್ ಪಾಸ್ ಬರೆಯುತ್ತಿದ್ದೆ. ಹೆಂಡತಿ ತೀರಿಕೊಂಡು ಆರು ವರ್ಷ ಆಗಿತ್ತು, ಮಕ್ಕಳಿಲ್ಲ. ಕಿಬ್ಬೊಟ್ಟೆಯಲ್ಲಿ ಹರ್ನಿಯಾ ಎದ್ದಿತ್ತು.

"ಕರುಳು ಸಿಕ್ಕೊಂಡ್ರ ಅಷ್ಟ, ಕೆಲಸ ಮುಗೀತೈತಿ. ಜಲ್ದಿ ಆಪರೇಷನ್ ಮಾಡಿಸ್ಕೋರಿ" ಎಂದು ಮಿಲ್ಲಿನ ಕಂಪೌಂಡರು ಹೆದರಿಸಿದ್ದರು. ಸಾಯುವುದಕ್ಕೆ ನನಗೆ ಅಷ್ಟೇನೂ ಹೆದರಿಕೆ ಇರಲಿಲ್ಲ. ಒಳಗಿನಿಂದ ಚಿಲಕ ಹಾಕಿದ ಮನೆಯಲ್ಲಿ ಬಿದ್ದುಕೊಂಡು, ಮೂರು ದಿನದ ಮೇಲೆ ಓಣಿಯವರಿಗೆ ಗೊತ್ತಾಗುವುದಕ್ಕೆ ಹೆದರುತ್ತಿದ್ದೆ. ಹಾಗಾಗಿ ಆಪರೇಷನ್ ಆಗಲೇಬೇಕಿತ್ತು.

೧. ಫೋಟೊ

ಮೊದಲು ವಿಮೆ ಕಾರ್ಡು ಹೊಸದಾಗಬೇಕು, ಅದಕ್ಕೆ ಕುಟುಂಬದ ಫೋಟೊ ಬೇಕು ಎಂದ ದವಾಖಾನೆಯ ಕೌಂಟರಿನ ಗುಮಾಸ್ತ.

"ಕುಟುಂಬ ಅಂದ್ರ ನಾನೊಬ್ಬನ ರೀ."

"ಅದೇನರ ಇರ್ಲಿ. ರೂಲ್ಸಿನ್ಯಾಗ ಕುಟುಂಬದ ಫೋಟೊ ಅಂತ ಐತಿ."

ಸ್ಟುಡಿಯೋದವನಿಗೂ ಕುಟುಂಬದ ಫೋಟೊ ಎಂದೇ ಹೇಳಿದೆ. ಅವನು ಪರದೆಯ ಮುಂದೆ ಎರಡು ಕುರ್ಚಿ ಇಟ್ಟು, "ಅಮ್ಮಾರು ಬರ್ಲಿ" ಎಂದು ಕಾದು ನಿಂತ. ನಾನೂ ಸ್ವಲ್ಪ ಹೊತ್ತು ಕಾದೆ. ಕೊನೆಗೆ, "ತಗೀರಿ, ಆಕಿ ಬರೂದಿಲ್ಲ" ಅಂದೆ. ಫೋಟೊದಲ್ಲಿ ಒಂದು ಕುರ್ಚಿಯಲ್ಲಿ ನಾನು, ಇನ್ನೊಂದು ಖಾಲಿ. ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಾರ್ಡಿನಲ್ಲಿ ಬರೆದ: "ಕುಟುಂಬ ಸದಸ್ಯರು: ಒಬ್ಬರು. ಗೈರುಹಾಜರು: ಒಬ್ಬರು."

ಆಮೇಲೆ ಯಾವಾಗ ಹೋದರೂ ಅವನದು ಒಂದೇ ಪ್ರಶ್ನೆ. "ಗೈರುಹಾಜರಿ ಇದ್ದೋರು ಬಂದ್ರೇನ್ರಿ?"

೨. ಮಚ್ಚೆ

ಕಾರ್ಡಿನಲ್ಲಿ ಗುರುತಿಗೆ "ಬೆನ್ನಿನ ಬಲಗಡೆ ಮಚ್ಚೆ" ಎಂದಿತ್ತು. ನೌಕರಿಗೆ ಸೇರಿದಾಗ ಹೆಂಡತಿಯನ್ನು ಕೇಳಿ ಬರೆಸಿದ್ದು. ನನ್ನ ಬೆನ್ನನ್ನು ನಾನೆಲ್ಲಿ ನೋಡಬೇಕು? ದವಾಖಾನೆಯ ಡಾಕ್ಟರು ಅಂಗಿ ಎತ್ತಿಸಿದರೆ ಬಲಗಡೆ ಏನೂ ಇಲ್ಲ. ಬೇರೆಯವರ ಕಾರ್ಡು ತಂದೀಯೇನು ಎಂದು ರೇಗಿದರು. ಆಮೇಲೆ ಇನ್ನೊಂದು ಮಗ್ಗುಲು ನೋಡಿದರು.

"ಮಚ್ಚಿ ಎಡಕ್ಕ ಐತಲ್ರಿ! ಹ್ಯಾಂಗ ಸರೀತು?"

ಆಗ ನನಗೆ ಹೊಳೆಯಿತು. ಅವಳು ಎಡಚಿ. ಬರೆಯುವ ಕೈ ಬಲಗೈ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದನ್ನು ಕೊನೆಯವರೆಗೂ ನಂಬಿದ್ದಳು. ಅವಳು ಬಲಕ್ಕೆ ಅಂದರೆ ನಾನು ಸುಮ್ಮನೆ ಎಡಕ್ಕೆ ತಿರುಗುತ್ತಿದ್ದೆ. ಆರು ವರ್ಷದಲ್ಲಿ ಅದೂ ಮರೆತುಹೋಗಿತ್ತು.

"ನನ್ನ ಹೆಂಡ್ತಿ ಎಡಚಿ ಇದ್ದಳ್ರಿ, ಅದಕ್ಕ" ಅಂದೆ.

ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದೊಡ್ಡ ಆಸ್ಪತ್ರೆಗೆ ಬರೆದ ಚೀಟಿಯಲ್ಲಿ ಹರ್ನಿಯಾದ ಕೆಳಗೆ ಇನ್ನೊಂದು ಸಾಲು ಸೇರಿತ್ತು: "ತಲೆಯನ್ನೂ ಪರೀಕ್ಷಿಸುವುದು."

೩. ರಕ್ತಸಂಬಂಧ

ದೊಡ್ಡ ಆಸ್ಪತ್ರೆಯಲ್ಲಿ ಒಪ್ಪಿಗೆ ಕಾಗದಕ್ಕೆ ರಕ್ತಸಂಬಂಧಿಯ ಸಹಿ ಬೇಕು ಎಂದಳು ನರ್ಸಮ್ಮ. ಯಾರೂ ಇಲ್ಲ ಅಂದೆ. "ಹಂಗಂದ್ರ ಹ್ಯಾಂಗ? ಒಬ್ಬರನ್ನ ಕರ್ಕೊಂಡು ಬರ್ರಿ" ಎಂದಳು, ಸಂತೆಯಲ್ಲಿ ಸಿಗುತ್ತಾರೆ ಎನ್ನುವ ಹಾಗೆ.

ನನ್ನ ಹಿಂದೆ ಗೋನೆಗಂಡ್ಲದ ಹಮಾಲನೊಬ್ಬ ನಿಂತಿದ್ದ. ಬೇರೆ ಮಿಲ್ಲಿನವನು. ಮೂಟೆ ಹೊತ್ತು ಹೊತ್ತು ಅವನಿಗೂ ಹರ್ನಿಯಾ, ಅವನೂ ಒಬ್ಬನೇ ಬಂದಿದ್ದ. ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಸಾಮೀ, ನಿಮ್ಮ ಕಾಗದಕ್ಕ ನಾನು ಹೆಬ್ಬೆಟ್ಟು ಒತ್ತತೀನಿ. ನನ್ನ ಕಾಗದಕ್ಕ ನೀವು ಸಹಿ ಹಾಕ್ರಿ."

ಬೆರಳಿಗೆ ಮಸಿ ಹಚ್ಚುವಾಗ ನರ್ಸಮ್ಮ ನನ್ನ ಜನಿವಾರ ನೋಡಿದಳು, ಅವನ ಹೆಗಲ ಮೇಲಿನ ಕಂಬಳಿ ನೋಡಿದಳು. "ಖರೇನ ಅಣ್ಣತಮ್ಮರೇನು ನೀವು?"

"ಹೌದಮ್ಮಾ" ಎಂದ ನನ್ನ ಹೊಸ ತಮ್ಮ. "ಅವ್ವಂದಿರು ಬ್ಯಾರೆ, ಅಪ್ಪ ಒಬ್ಬನ."

ಮಡಿ ಬಿಟ್ಟು ಒಂದು ಲೋಟ ನೀರು ಕುಡಿಯದ ನಮ್ಮಪ್ಪನ ಮಾನ, ಅವರು ಸತ್ತು ಇಪ್ಪತ್ತು ವರ್ಷದ ಮೇಲೆ, ಒಂದು ಹೆಬ್ಬೆಟ್ಟಿನಲ್ಲಿ ಹೋಯಿತು.

೪. ನೋವು ಎಲ್ಲಿ?

ಇಬ್ಬರಿಗೂ ಒಂದೇ ದಿನ ಆಪರೇಷನ್ ಆಗಿ ಪಕ್ಕಪಕ್ಕದ ಮಂಚ ಸಿಕ್ಕವು. ಆಪರೇಷನ್ ಮಾಡಿದ ಡಾಕ್ಟರು ಕರಾವಳಿ ಆಂಧ್ರದವರು, ಕನ್ನಡ ಒಂದಕ್ಷರ ಬಾರದು. ಅರಿವಳಿಕೆ ಇಳಿಯುವ ಹೊತ್ತಿಗೆ ಬಂದು, "ಒಂಟ್ಲೋ ಎಲಾ ಉಂದಯ್ಯಾ?" ಎಂದು ಕೇಳಿದರು. ಮೈ ಹೇಗಿದೆ ಎಂದು ಅದರ ಅರ್ಥ. ನನಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಆದರೆ ಆ ಮಂಪರಿನಲ್ಲಿ ತಲೆಯೊಳಗೆ ಕನ್ನಡವೊಂದೇ ಉಳಿದಿತ್ತು. ಒಂಟಿತನ ಹೇಗಿದೆ ಎಂದು ಕೇಳಿದರು ಅಂದುಕೊಂಡೆ. ಆರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

"ಏನಂತ ಹೇಳ್ಲಿ ಸಾಹೇಬ್ರ! ಒಂದು ಪಾವು ಅಕ್ಕಿ ಹಾಕಿದ್ರ ಎರಡು ದಿನ ಅದನ್ನ ಉಣ್ಣಬೇಕು. ರೇಡಿಯೋ ಐತಿ, ಅದು ತನ್ನದಷ್ಟ ಹೇಳತೈತಿ, ನಂದು ಕೇಳೂದಿಲ್ಲ. ಸೀನಿದ್ರ ಶತಾಯುಷಿ ಅನ್ನೋರಿಲ್ರಿ. ನಾನ ಸೀನಿ, ನಾನ ಅಂದ್ಕೋತೀನಿ."

ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟೆ. ಡಾಕ್ಟರು ಗಾಬರಿಯಾಗಿ ಪಕ್ಕದ ಮಂಚದ ತಮ್ಮನನ್ನು ಕೇಳಿದರು, "ಎಕ್ಕಡ ನೊಪ್ಪಿ ಅಂಟುನ್ನಾಡು?" ಎಲ್ಲಿ ನೋವಂತೆ?

ನನ್ನ ತಮ್ಮ ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಂಡ. "ಒಂಟ್ಲೋ ಕಾದು ಸಾರ್, ಇಂಟ್ಲೋ." ಮೈಯಲ್ಲಿ ಅಲ್ಲ ಸಾರ್, ಮನೆಯಲ್ಲಿ.

ಅಣ್ಣತಮ್ಮಂದಿರಿಬ್ಬರೂ ಇನ್ನೂ ಒಂದು ವಾರ ಇಲ್ಲೇ ಇರಲಿ ಎಂದು ಹೇಳಿ ಡಾಕ್ಟರು ಹೋದರು. ಕಾರಣ ಬರೆಯುವ ಜಾಗದಲ್ಲಿ ನರ್ಸಮ್ಮ ತಾನು ಕೇಳಿದ್ದನ್ನೇ ಬರೆದಳು: "ಇಂಟ್ಲೋ ನೊಪ್ಪಿ." ಮನೆಯಲ್ಲಿ ನೋವು. ಆ ವಾರವೆಲ್ಲ ನಾವಿಬ್ಬರು ಹೊಲಿಗೆ ಹಿಡಿದುಕೊಂಡು ಮಾತಾಡಿದ್ದೇ ಮಾತಾಡಿದ್ದು. ಅಷ್ಟು ಸುಖದ ವಾರ ನಾನು ಕಂಡು ಬಹಳ ದಿನವಾಗಿತ್ತು.

ತಿಂಗಳ ಮೇಲೆ ಆ ಒಂದು ವಾರದ ಖರ್ಚಿನ ಕಾಗದ ಮಾತ್ರ ವಿಮೆ ಕಚೇರಿಯಿಂದ ವಾಪಸು ಬಂತು. ಮೇಲೆ ಕೆಂಪು ಮಸಿಯಲ್ಲಿ ಬರೆದಿತ್ತು: "ಈ ವಿಮೆ ಮನುಷ್ಯನಿಗೆ ಮಾತ್ರ. ಮನೆಗೆ ಬೇರೆ ವಿಮೆ ಮಾಡಿಸಿಕೊಳ್ಳುವುದು."