ಚಿಕ್ಕಪ್ಪನಿಗೆ ಅರ್ಥವಾದ ಫ್ರೆಂಚು

ನಮ್ಮ ಚಿಕ್ಕಪ್ಪ ಯಾವ ಊರಿಗೆ ಹೋದರೂ ಆ ಊರನ್ನು ನೋಡುವವರಲ್ಲ. ಅಲ್ಲಿ ನಿಂತುಕೊಂಡು ಬೇರೆ ಊರನ್ನು ನೋಡುತ್ತಾರೆ. ಕಡಲಾಚೆಯ ವಾಲ್ನಟ್ ಕ್ರೀಕಿನಲ್ಲಿ ಜೀವಮಾನವೆಲ್ಲ ಸಂಸಾರ ಮಾಡಿ ಮೈಸೂರನ್ನು ಹೊಗಳಿದರು. ಮೈಸೂರಿಗೆ ಹೋದರೆ ವಾಲ್ನಟ್ ಕ್ರೀಕನ್ನು ಹೊಗಳಿದರು. ವಾಲ್ನಟ್ ಕ್ರೀಕಿಗೆ ಹತ್ತಿರದ ನೆವಾರ್ಕಿನ ನಮ್ಮ ಮನೆಗೆ ಊಟಕ್ಕೆ ಬಂದರೆ ನನ್ನ ಸಾರು ಸುರಿಯುತ್ತಲೇ ಇನ್ಯಾರದೋ ಮನೆಯ ಸಾರಿನ ಗುಣಗಾನ! ಇಂಥವರ ಜೊತೆ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಒಂದು ತಿಂಗಳು ಇದ್ದು ಬಂದ ನನಗೆ ಯಾವ ಬಿರುದು ಕೊಟ್ಟರೂ ಕಡಿಮೆಯೇ.

ಈ ಪ್ರಯಾಣ ನನ್ನ ಆಸೆಯಲ್ಲ, ಚಿಕ್ಕಪ್ಪನದೂ ಅಲ್ಲ. ಅದು ಚಿಕ್ಕಮ್ಮನದು. ಹಳ್ಳಿಯಲ್ಲಿ ಒಂದು ಕಲ್ಲಿನ ಮನೆ ಹಿಡಿಯಬೇಕು, ಅಲ್ಲಿಂದ ಸುತ್ತಮುತ್ತಲಿನ ಊರುಗಳನ್ನು ನಿಧಾನವಾಗಿ ನೋಡಬೇಕು ಅಂತ ಹುಡುಕಿ ಹುಡುಕಿ ಮನೆ ಬುಕ್ ಮಾಡಿದ್ದರು. ಆಮೇಲೆ ಕಾಯಿಲೆ ಬಿದ್ದರು. ಹೊರಡುವ ದಿನ ಬರುವ ಮೊದಲೇ ತೀರಿಕೊಂಡರು.

ಚಿಕ್ಕಪ್ಪ ಅಳಲಿಲ್ಲ. ಸತ್ತರು ಅನ್ನುವ ಮಾತೂ ಅವರ ಬಾಯಿಂದ ಬರಲಿಲ್ಲ. ಹಳೆಯ ಸ್ನೇಹಿತರು ಯಾರಾದರೂ ಚಿಕ್ಕಮ್ಮನನ್ನು ಕೇಳಿಕೊಂಡು ಫೋನ್ ಮಾಡಿದರೆ "ಅವಳು ಇಲ್ಲ" ಅನ್ನುತ್ತಿದ್ದರು.

"ಓ, ಹೊರಗೆ ಹೋಗಿದಾರಾ? ಸಂಜೆ ಮಾಡ್ತೀನಿ ಬಿಡಿ."

"ಮಾಡಿ, ಮಾಡಿ."

ಸಂಜೆ ಆ ಫೋನು ಎತ್ತಿ ನಿಜ ಹೇಳುವ ಕರ್ಮ ಯಾರದು? ಆ ದಿನಗಳಲ್ಲಿ ಅವರ ಮನೆಯಲ್ಲೇ ಉಳಿದಿದ್ದ ನನ್ನದೇ! ನನಗೆ ಒಳಗೊಳಗೇ ಹೆದರಿಕೆ. ಅಳದ ಮನುಷ್ಯ ಹೀಗೇ ಕೊರಗಿ ಹಾಸಿಗೆ ಹಿಡಿದರೆ ಏನು ಗತಿ? "ನಿಮ್ಮ ಚಿಕ್ಕಮ್ಮ ಬುಕ್ ಮಾಡಿದಾಳೆ, ಅವಳಿಗೆ ಬರಕ್ಕಾಗಲ್ಲ, ನೀನು ಬಾ" ಅಂದಾಗ ಆಫೀಸಿಗೆ ರಜಾ ಹಾಕಿ ಹೊರಟುಬಿಟ್ಟೆ. ಅಲ್ಲಾದರೂ ಒಂದು ಸಲ ಅತ್ತು ಹಗುರವಾಗಲಿ ಅನ್ನುವುದೊಂದೇ ನನ್ನ ಆಸೆ.

ಅವರು ಅಳುವುದಿರಲಿ, ನನ್ನನ್ನು ಅಳಿಸಿದರು! ಕಾರು ಅವರೇ ಓಡಿಸಬೇಕು. ಅಲ್ಲಿ ರಸ್ತೆಗಳು ಕೂಡುವ ಕಡೆ ಸಿಗ್ನಲ್ಲು ಅಪರೂಪ. ನಡುವೆ ಒಂದು ವೃತ್ತ ಕಟ್ಟಿ, ಸುತ್ತಿಕೊಂಡು ಹೋಗಿ ಅಂತ ಬಿಟ್ಟಿದ್ದಾರೆ. ನಾವು ಬೋರ್ಡಿನ ಅಕ್ಷರ ಕೂಡಿಸಿಕೊಂಡು ಓದುವಷ್ಟರಲ್ಲಿ ತಿರುವು ದಾಟಿರುತ್ತಿತ್ತು. ಮತ್ತೆ ಸುತ್ತು. ಪಕ್ಕದೂರಿನ ಸಂತೆಗೆ ಹೊರಟ ದಿನ ಒಂದೇ ವೃತ್ತವನ್ನು ಮೂರು ಸುತ್ತು ಬಂದೆವು.

"ಪ್ರದಕ್ಷಿಣೆ ಸಾಕು ಚಿಕ್ಕಪ್ಪ, ತಲೆ ತಿರುಗ್ತಿದೆ."

"ಪ್ರದಕ್ಷಿಣೆ ಎಲ್ಲಿ ಬಂತೇ? ದೇವರು ಎಡಕ್ಕಿದಾನೆ ನೋಡು. ಅಪ್ರದಕ್ಷಿಣೆ ಹಾಕಿದ್ರೆ ದಾರಿ ಹೆಂಗೆ ಸಿಗತ್ತೆ?"

ನಡುವೆ ಇದ್ದದ್ದು ದೇವರಲ್ಲ, ಹೂವಿನ ಗಿಡ ತುಂಬಿಟ್ಟ ಒಂದು ಹಳೇ ಎತ್ತಿನ ಗಾಡಿ.

ಇನ್ನೊಂದು ದಿನ ಗುಡ್ಡದ ಮೇಲಿನ ಊರು. ಏದುಸಿರು ಬಿಡುತ್ತಾ ಹತ್ತಿದರೆ ಅಂಗಡಿಗಳೆಲ್ಲ ಮಧ್ಯಾಹ್ನದ ಊಟಕ್ಕೆ ಬಾಗಿಲು ಹಾಕಿವೆ. "ವಾಲ್ನಟ್ ಕ್ರೀಕಲ್ಲಿ ಹೀಗೆ ಮಾಡಿದ್ರೆ ವ್ಯಾಪಾರ ಉದ್ಧಾರ ಆದ ಹಾಗೇ" ಅಂತ ಬೈದವರು ಚರ್ಚಿನ ಎದುರಿನ ಬೆಂಚಿನ ಮೇಲೆ ಮಲಗಿ, ಅಂಗಡಿಯವರು ಬಂದು ಬಾಗಿಲು ತೆಗೆದ ಮೇಲೂ ಏಳಲಿಲ್ಲ. ಹೊಳೆಯ ಊರಿನಲ್ಲಂತೂ ಕೇಳಲೇಬೇಡಿ. ನೌಕರಿಯುದ್ದಕ್ಕೂ ಸೇತುವೆ ಪರೀಕ್ಷೆ ಮಾಡಿದ ಇಂಜಿನಿಯರು ಅವರು. ಅಲ್ಲಿನ ಹಳೇ ಕಲ್ಲಿನ ಸೇತುವೆಯನ್ನು ಹಸುವಿನ ಬೆನ್ನು ಸವರಿದ ಹಾಗೆ ಸವರಿ, ಕೆಳಗಿಳಿದು ನೋಡುತ್ತೇನೆ ಅಂತ ಹೊರಟರು. ನಾನು ಅವರ ಬೂಟು ಹಿಡಿದುಕೊಂಡು ದಡದಲ್ಲಿ ನಿಂತಿದ್ದೆ.

ಇದೆಲ್ಲ ಒಂದು ತೂಕವಾದರೆ ಪಕ್ಕದ ಮನೆಯ ಅಜ್ಜಿಯದೇ ಒಂದು ತೂಕ. ಕೋಳಿ ಸಾಕಿಕೊಂಡು ಒಬ್ಬರೇ ಇದ್ದವರು. ಮೊದಲನೇ ಬೆಳಗ್ಗೆ ಗೋಡೆಯಾಚೆಯಿಂದ ನಕ್ಕು "ಸಾ ವಾ?" ಅಂದರು. ಚಿಕ್ಕಪ್ಪ ದಡದಡ ಒಳಗೆ ಬಂದರು.

"ಎದ್ದ ಕೂಡ್ಲೇ 'ಸಾವಾ?' ಅಂತ ಕೇಳ್ತಾಳಲ್ಲೇ ಆಯಮ್ಮ. ನಾನೇನು ಅಷ್ಟು ಸೊರಗಿದೀನಾ?"

"ಅಯ್ಯೋ, ಅದು ಚೆನ್ನಾಗಿದೀರಾ ಅಂತ ಚಿಕ್ಕಪ್ಪ."

"ಅರ್ಥ ಚೆನ್ನಾಗಿರಬಹುದು. ಕಿವಿಗೆ ಅರ್ಥ ಗೊತ್ತಾಗಬೇಕಲ್ಲ."

ಬ್ರೆಡ್ಡಿನ ಅಂಗಡಿಗೆ ಹೋದರೆ ಅಲ್ಲೂ ಸಾ ವಾ? ಅಂಚೆಯವನು ಸೈಕಲ್ ನಿಲ್ಲಿಸಿ ಸಾ ವಾ? ಇಡೀ ಊರಿಗೆ ಊರೇ ವಿಚಾರಿಸುತ್ತಿದೆ! ಚಿಕ್ಕಪ್ಪನೂ ಬಿಡಲಿಲ್ಲ. ಅಚ್ಚ ಕನ್ನಡದಲ್ಲಿ "ಇನ್ನೂ ಇಲ್ಲ ಕಣಮ್ಮ, ನಿಮ್ದು?" ಅನ್ನತೊಡಗಿದರು. ಅಜ್ಜಿ ಇದು ನಮ್ಮ ಕಡೆಯ ನಮಸ್ಕಾರವಿರಬೇಕು ಅಂದುಕೊಂಡು, ದಿನ ಕಳೆದಂತೆ "ಇನ್ನೂ ಇಲ್ಲಾ!" ಅಂತ ತಾವೂ ಕೈ ಬೀಸುತ್ತಿದ್ದರು. ನಕ್ಕೂ ನಕ್ಕೂ ನನ್ನ ಹೊಟ್ಟೆ ಹುಣ್ಣಾಯಿತು.

ಕೊನೆಯ ವಾರ ಮತ್ತೆ ಸಂತೆಯ ಊರಿಗೆ ಹೋದೆವು. ಒಂದು ಅಂಗಡಿಯ ಮುಂದೆ ಚಿಕ್ಕಪ್ಪ ಬಹಳ ಹೊತ್ತು ನಿಂತು ಒಂದು ಹಸಿರು ಶಾಲು ಆರಿಸಿದರು. "ಹಸಿರು ಅಂದ್ರೆ ನಿಮ್ಮ ಚಿಕ್ಕಮ್ಮನಿಗೆ ಪ್ರಾಣ" ಅಂದರು. ಕಟ್ಟಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡೇ ಕಾರು ಓಡಿಸಿದರು. ದಾರಿಯುದ್ದಕ್ಕೂ ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಮರುದಿನ ಬೆಳಗ್ಗೆ ನಾನು ಕಾಫಿಗೆ ನೀರಿಟ್ಟಿದ್ದೆ. ಚಿಕ್ಕಪ್ಪ ಹಿತ್ತಲಲ್ಲಿ ನಿಂತಿದ್ದರು, ಕೈಯಲ್ಲಿ ಅದೇ ಶಾಲು. ಗೋಡೆಯಾಚೆ ಅಜ್ಜಿ ಬಂದರು. ಶಾಲನ್ನು ನೋಡಿ, ಅವರ ಮುಖ ನೋಡಿ, ಈ ಸಲ ನಗದೆ ಮೆಲ್ಲಗೆ ಕೇಳಿದರು. "ಸಾ ವಾ?"

ಚಿಕ್ಕಪ್ಪ ಶಾಲನ್ನು ಮಡಿಸಿ ಗೋಡೆಯ ಮೇಲಿಟ್ಟರು.

"ಹೂಂ ಕಣಮ್ಮ" ಅಂದರು ಆಮೇಲೆ. "ಸಾವು. ನನ್ನ ಹೆಂಡತಿ."

ಅಜ್ಜಿಗೆ ಒಂದಕ್ಷರ ಅರ್ಥವಾಗಿರಲಾರದು. ಆದರೂ ಗೋಡೆಯ ಮೇಲಿಂದ ಕೈ ಚಾಚಿ ಅವರ ಕೈ ಹಿಡಿದುಕೊಂಡರು. ಚಿಕ್ಕಪ್ಪನ ಭುಜ ಅಲುಗುವುದು ನನಗೆ ಅಡುಗೆಮನೆಯ ಕಿಟಕಿಯಿಂದ ಕಾಣಿಸಿತು. ನಾನು ಹೊರಗೆ ಹೋಗಲಿಲ್ಲ. ಅಲ್ಲೇ ನಿಂತು ಸೆರಗಿಲ್ಲದ್ದಕ್ಕೆ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡೆ.

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಒಳಗೆ ಬಂದು, ಆಗ ತಾನೇ ಸುದ್ದಿ ತಿಳಿದವರ ಹಾಗೆ ಬಾಗಿಲಲ್ಲಿ ನಿಂತರು.

"ನಿಮ್ಮ ಚಿಕ್ಕಮ್ಮ ಸತ್ತುಹೋದಳು ಕಣೇ."

ಆಸ್ಪತ್ರೆಯಲ್ಲಿ ಆ ಹೊತ್ತು ನಾನೂ ಪಕ್ಕದಲ್ಲೇ ಇದ್ದವಳು. ಒಲೆ ಆರಿಸಿ ಅವರಿಗೊಂದು ಕುರ್ಚಿ ಎಳೆದೆ.

"ಹೇಗಾಯ್ತು ಚಿಕ್ಕಪ್ಪ?" ಅಂತ ಕೇಳಿದೆ.

ಕೂತುಕೊಂಡರು. ಮೊದಲಿಂದ ಹೇಳತೊಡಗಿದರು.